ಹಳೇ ಹಗ್ಗಕ್ಕೆ ಗಂಟು ಹಾಕಿಸಿದ ವರ್ಷ

ಇನ್ನೂ ಹತ್ತಿರ ಬನ್ನಿ, ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡಿ, ನನ್ನ ಮೇಲೆ ಆಣೆ. ಕಡಲಕೋಟೆಯ ಅರಮನೆಗೆ ಮೂವತ್ತು ವರ್ಷ ಹೂವು ಕೊಟ್ಟವಳು ನಾನು. ಕಂಬದ ಹಿಂದೆ ನಿಂತು ಕಂಡಿದ್ದನ್ನು ಮಾತ್ರ ಹೇಳುತ್ತೇನೆ.

ಒಂದು ಬೆಳಿಗ್ಗೆ ಬಂದರಿನ ಬೀದಿಯಲ್ಲಿ ಡಂಗುರ ಸಾರಿದರು. “ಏಳು ದೇಶದ ವ್ಯಾಪಾರ ಮುಂದೆ ಹೇಗೆ ನಡೆಯುತ್ತದೆಂದು ಮಹಾರಾಜರು ತಿಳಿಯಬೇಕಾಗಿದೆ. ಅದಕ್ಕೆ ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ.”

ರಾಜನಿಗೆ ಈ ಚಿಂತೆ ಸುಮ್ಮನೆ ಹತ್ತಿದ್ದಲ್ಲ. ಮೂರು ವರ್ಷದಿಂದ ಹಡಗುಗಳು ಬರುವುದೇ ಕಮ್ಮಿ. ಹಬ್ಬಕ್ಕೆ ರಾಣಿ ಹೊಸ ರೇಷ್ಮೆ ಉಟ್ಟಳು ಅಂತ ಊರು ಕಣ್ಣರಳಿಸಿತಲ್ಲ, ಅದು ಹಳೇ ಸೀರೆಗೆ ಬಣ್ಣ ಹಾಕಿಸಿದ್ದು. ಬಣ್ಣ ಬಿಟ್ಟು ಪಾದವೆಲ್ಲ ನೀಲಿಯಾಗಿತ್ತು. ನಾನೇ ನೋಡಿದೆ.

ಮೊದಲು ಬಂದವನು ಅರಮನೆಯ ಜೋಯಿಸ ನರಹರಿ. ರಾಜ ಕೇಳಿದ, “ಕಾಲಿಲ್ಲದೆ ದೇಶದೇಶ ನಡೆಯುತ್ತದೆ. ಅದು ಅಲ್ಲೆಲ್ಲೋ ನಿಧಾನ ಮಾಡಿದರೆ ಇಲ್ಲಿ ನಮ್ಮ ಒಲೆ ಆರುತ್ತದೆ. ಏನದು?”

“ಸೂರ್ಯ,” ಅಂದ ಜೋಯಿಸ, ಶಲ್ಯ ಸರಿಮಾಡಿಕೊಂಡು.

“ಸೂರ್ಯ ಯಾವತ್ತು ನಿಧಾನ ಮಾಡಿದ್ದಾನೆ?” ಅಂದ ರಾಜ. ಅಲ್ಲಿಗೆ ಜೋಯಿಸನ ಕತೆ ಮುಗಿಯಿತು. ತನ್ನ ಸಾವಿನ ದಿನ ಗೊತ್ತಿಲ್ಲದವನು ಊರಿಗೆಲ್ಲ ಮುಹೂರ್ತ ಇಟ್ಟುಕೊಟ್ಟಿದ್ದ. ಅವನ ಹೆಂಡತಿ ಈಗಲೂ ಊಟದ ಹೊತ್ತಿಗೆ ಬಾಗಿಲಿಗೆ ಬಂದು ಅವನ ದಾರಿ ನೋಡುತ್ತಾಳೆ, ಪಾಪ.

ಆಮೇಲೆ ಮೆಣಸಿನ ವರ್ತಕ ತಿರುಮಲ ಶೆಟ್ಟಿ ಬಂದ. ಇಬ್ಬರು ಹೆಂಡಿರು, ಎರಡು ಊರು, ಒಬ್ಬಳ ಸುದ್ದಿ ಇನ್ನೊಬ್ಬಳಿಗೆ ತಿಳಿಯದ ಹಾಗೆ ಇಟ್ಟವನು. ಮೊದಲನೆಯದನ್ನು ಬಿಡಿಸಿದ. ಎರಡನೆಯದು ಹೀಗಿತ್ತು: “ವರ್ಷವರ್ಷವೂ ಬೆಳೆಯುತ್ತದೆ, ಆದರೂ ಎಲ್ಲರ ಪಾಲಿಗೂ ಕಮ್ಮಿ ಬೀಳುತ್ತದೆ.” ಶೆಟ್ಟಿ “ಆಯುಸ್ಸು” ಅಂದ. ರಾಜ ಅಲ್ಲವೆಂದು ತಲೆಯಾಡಿಸಿದ. “ಆಯುಸ್ಸನ್ನು ಯಾರೂ ಪಾಲು ಹಾಕುವುದಿಲ್ಲ, ಶೆಟ್ಟರೇ.” ಆ ದಿನ ಇಬ್ಬರು ಹೆಂಡಿರೂ ಒಂದೇ ಹೆಣದ ಮುಂದೆ ಕೂತು ಮೊದಲ ಸಲ ಮುಖ ನೋಡಿಕೊಂಡರು.

ನಮ್ಮ ಪಕ್ಕದ ಮನೆ ನಾಗಿಯ ಮಗ ದುಗ್ಗ. ಹಡಗಿನ ಹಗ್ಗ ಹೊಸೆಯುವವನು, ಒಬ್ಬನೇ ಮಗ. ಅವನು ಹೊರಟು ನಿಂತಾಗ ನಾಗಿ ಅಡ್ಡ ಬಂದಳು.

“ದೊಡ್ಡವರ ತಲೆಯೇ ಉಳೀಲಿಲ್ಲ, ನೀನು ಯಾವ ಲೆಕ್ಕನೋ?”

“ಕೇರಿಯಲ್ಲಿ ಹಗ್ಗ ಹೊಸೆಯೋ ನಲವತ್ತು ರಾಟೆ ನಿಂತಿವೆ ಅವ್ವ. ಗೆದ್ದರೆ ಕೇರಿಗೆ ಕೆಲಸ ಕೇಳ್ತೀನಿ, ಅಷ್ಟೇ.”

“ಮೂಗು ಒರೆಸಿಕೊಳ್ಳೋಕೆ ಬಾರದವನು ಏಳು ದೇಶದ ಭವಿಷ್ಯ ಹೇಳ್ತಾನಂತೆ,” ಅಂದೆ ನಾನು. ಅವನು ನಕ್ಕ. ಅಂಗೈಯಲ್ಲಿ ನಾರು ಕುಯ್ದ ಗಾಯ ಹಾಗೇ ಇತ್ತು.

ಸಭೆಯಲ್ಲಿ ಮೊದಲನೆಯದಕ್ಕೆ ದುಗ್ಗ ಹೇಳಿದ, “ವ್ಯಾಪಾರ, ಮಹಾಸ್ವಾಮಿ. ಯಾವುದೋ ದೇಶದವರು ಮೆಣಸು ಕೊಳ್ಳೋದು ಬಿಟ್ಟರೆ ನಮ್ಮವ್ವ ಒಲೆ ಹಚ್ಚೋದು ಬಿಡ್ತಾಳೆ.”

“ಎರಡನೆಯದು?”

“ಲೋಕದ ದುಡಿಮೆ. ಹೋದ ವರ್ಷಕ್ಕಿಂತ ಮಡಕೆಗೆ ಒಂದು ಹಿಡಿ ಅಕ್ಕಿ ಜಾಸ್ತಿ ಬೀಳುತ್ತೆ, ಉಣ್ಣೋಕೆ ಇಬ್ಬರು ಜಾಸ್ತಿ ಕೂತಿರ್ತಾರೆ. ಬೆಳೆದಿಲ್ಲ ಅನ್ನೋ ಹಾಗಿಲ್ಲ, ಹೊಟ್ಟೆ ತುಂಬಿತು ಅನ್ನೋ ಹಾಗೂ ಇಲ್ಲ.”

ರಾಜ ಮುಂದೆ ಬಾಗಿ ಮೂರನೆಯದನ್ನು ಕೇಳಿದ. “ಇನ್ನೂ ಹುಟ್ಟಿಲ್ಲ, ಆದರೆ ಅದರ ನಡಿಗೆ ಕಂಡವರಿದ್ದಾರೆ. ಯಾವುದು ಅದು, ಕಂಡವರು ಯಾರು?”

ದುಗ್ಗ ಅಂಗೈಯ ಗಾಯವನ್ನು ಹೆಬ್ಬೆರಳಿನಿಂದ ಸವರಿಕೊಂಡ. ನನ್ನ ಕೈಯ ಹೂವೆಲ್ಲ ಬೆವರಿಗೆ ಬಾಡಿತು.

“ಮುಂದಿನ ವರ್ಷ. ಕಂಡವರು ನಾವು, ಹಗ್ಗದವರು. ದೂರ ಹೋಗೋ ಹಡಗು ಒಂದು ವರ್ಷ ಮೊದಲೇ ಹೊಸ ಹಗ್ಗ ಹೇಳಿಡುತ್ತೆ. ಈ ಸಲ ಏಳು ದೇಶದವರೂ ಹಳೇ ಹಗ್ಗ ತಂದು ಗಂಟು ಹಾಕಿಸಿಕೊಂಡು ಹೋದರು. ವ್ಯಾಪಾರ ಮುಳುಗೋಲ್ಲ, ಓಡೋದೂ ಇಲ್ಲ. ಕುಂಟುತ್ತಾ ನಡೆಯುತ್ತೆ.”

“ಎಷ್ಟು ವರ್ಷ?”

“ನನಗೆ ಒಂದು ವರ್ಷದ ಹಗ್ಗ ಮಾತ್ರ ಕಾಣೋದು. ಅದಕ್ಕಿಂತ ಮುಂದೆ ಹೇಳಿದರೆ ಸುಳ್ಳಾಗುತ್ತೆ.”

ರಾಜ ಎದ್ದು ಬಂದು ತನ್ನ ಕಡಗವನ್ನೇ ಅವನ ಕೈಗೆ ಹಾಕಿದ. ದುಗ್ಗ ಕೇಳಿದ್ದು ಒಂದೇ, ಅರಮನೆಯ ಹಡಗುಗಳಿಗೆ ಹೊಸ ಹಗ್ಗ ತಮ್ಮ ಕೇರಿಯಲ್ಲೇ ಹೊಸೆಯಿಸಬೇಕು. ರಾಜ ಒಪ್ಪಿದ. ಒಪ್ಪಿ ಸಭೆಗೆ ಹೇಳಿದ, “ಈ ಮಾತು ಹೊರಗೆ ಹೋಗಕೂಡದು. ಕುಂಟುತ್ತದೆ ಎಂದು ಕೇಳಿದರೆ ಜನ ನಡೆಯುವುದನ್ನೇ ಬಿಡುತ್ತಾರೆ.”

ನಾನು ಯಾರಿಗೂ ಹೇಳಲಿಲ್ಲ. ಮೀನಿನ ಚಂದುವಿಗೆ ಮಾತ್ರ ಹೇಳಿದೆ, ಅದೂ ಆಣೆ ಹಾಕಿಸಿ.

ಸಂಜೆಯೊಳಗೆ ವರ್ತಕರು ತುಂಬಿದ್ದ ಸರಕನ್ನು ಹಡಗಿನಿಂದ ಇಳಿಸಿದರು. ಗಂಟು ಹಾಕಿಸಲು ಬಂದಿದ್ದವರೂ ಹಳೇ ಹಗ್ಗ ಹೊತ್ತು ವಾಪಸು ಹೋದರು. ಸಾಗಿಸಲು ಸರಕೇ ಇಲ್ಲವೆಂದಾಗ ರಾಜ ತನ್ನ ಹಡಗುಗಳನ್ನೂ ದಡಕ್ಕೆ ಎಳೆಸಿದ. ಹಗ್ಗದ ಕೆಲಸ ಅಲ್ಲಿಗೇ ನಿಂತಿತು. ಸುದ್ದಿ ದುಗ್ಗನಿಂದಲೇ ಹೊರಬಿತ್ತೆಂದು ಅರಮನೆಯವರಿಗೆ ಅನುಮಾನ. ಆದರೂ ಮುಂದಿನದನ್ನು ಕಾಣುವ ಅವನ ಕಣ್ಣು ಬೇಕಲ್ಲ. ಕೋಟೆಯೊಳಗೆ ಮನೆ ಕೊಟ್ಟರು, ಆಳು ಕೊಟ್ಟರು, ಬಾಗಿಲಿಗೆ ಕಾವಲು ಹಾಕಿದರು. ಹೆತ್ತವಳೂ ಒಳಗೆ ಹೋಗುವಂತಿಲ್ಲ, ಅವನೂ ಹೊರಗೆ ಬರುವಂತಿಲ್ಲ.

ಮರುದಿನ ನಾನು ನಾಗಿಯ ಮನೆಗೆ ಹೋದೆ, ಸಮಾಧಾನ ಹೇಳೋಣ ಅಂತ. ನಿಂತ ರಾಟೆಯ ಪಕ್ಕದಲ್ಲಿ ಕೂತಿದ್ದಳು. ನನ್ನ ಮುಖವನ್ನೇ ನೋಡಿ ಮೆಲ್ಲಗೆ ಅಂದಳು:

“ತುಂಗಕ್ಕ, ನನ್ನ ಮಗ ಹೇಳಿದ್ದು ಮುಂದಿನ ವರ್ಷದ ಕಷ್ಟ. ನೀನು ಅದನ್ನು ನಿನ್ನೆ ಸಂಜೆಗೇ ತಂದು ನಮ್ಮ ಬಾಗಿಲಿಗೆ ಹಾಕಿದೆ.”