ಕಲ್ಲುಗುಡಿ ಮೇಸ್ತ್ರಿ ತನ್ನ ತಿಥಿ ಊಟ ತಾನೇ ಉಂಡಿದ್ದು

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಊರ ಹೆಸರು ಕೇಳ್ಬೇಡಿ, ನಂಗೆ ಕಥೆ ಹೇಳಿದ ಅಜ್ಜಿಗೂ ಗೊತ್ತಿರ್ಲಿಲ್ಲ. ಏಳು ಹೊಳೆ ದಾಟಿದ್ರೆ ಸಿಗೋ ಊರು, ಅಷ್ಟೆ. ಆ ಊರಿಗೆ ಒಂದು ದಿನ ಏಳು ಹೊಳೆ ಆಚೆಯಿಂದ ಏಳು ಮನೆ ಜನ ನಡ್ಕೊಂಡು ಬಂದ್ರಂತೆ. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು, ಎಲ್ಲರಿಗಿಂತ ಮುಂದೆ ಒಂದು ಮರದ ಶಿಲುಬೆ. ಯಾಕೆ ಬಂದ್ರು? ಅಲ್ಲಿಯ ದೊರೆ ಓಡಿಸಿದ ಅಂತ ಕೆಲವರು, ಹಸಿವು ಓಡಿಸ್ತು ಅಂತ ಕೆಲವರು. ಎರಡೂ ಒಂದೇ ಬಿಡಿ.

ಊರ ಗೌಡ ಇವರನ್ನ ಮೇಲಿಂದ ಕೆಳಗೆ ನೋಡಿದ. ಮಾತು ಅರ್ಧಂಬರ್ಧ ಅಷ್ಟೇ ಅರ್ಥ ಆಯ್ತು. ಆದ್ರೆ ಕಾಲಿನ ಬೊಬ್ಬೆ ಎಲ್ಲ ಭಾಷೇಲೂ ಒಂದೇ ತರ ಕಾಣ್ತದಲ್ಲ.

"ಇರೋದಕ್ಕೆ ಗುಡ್ಡದ ಕೆಳಗೆ ಜಾಗ ತಗೊಳ್ಳಿ. ನಿಮ್ಮ ದೇವರಿಗೆ ದಾರಿಬದಿ ಜಾಗ ಕೊಡ್ತೀನಿ. ಆದ್ರೆ ಒಂದು ಮಾತು. ಸೂರ್ಯ ಹುಟ್ಟಿ ಮುಳುಗೋದ್ರೊಳಗೆ ಎಷ್ಟು ಕಟ್ತೀರೋ ಅಷ್ಟೇ ನಿಮ್ಮದು. ಮಾರನೇ ದಿನ ಒಂದು ಕಲ್ಲೂ ಹೆಚ್ಚಿಗೆ ಇಡಂಗಿಲ್ಲ" ಅಂದ.

ದೊಡ್ಡವರು ದಾನ ಕೊಡೋದೇ ಹಂಗೆ. ಕೊಟ್ಟ ಹಾಗೂ ಇರ್ಬೇಕು, ಕೊಡದ ಹಾಗೂ ಇರ್ಬೇಕು.

ಆ ಏಳು ಮನೇಲಿ ಬೊಸ್ತ್ಯಾಂವ ಅಂತ ಒಬ್ಬ ಕಲ್ಲು ಮೇಸ್ತ್ರಿ ಇದ್ದ. ಹೊಸದಾಗಿ ಮದುವೆ ಆದವ. ಅವ ಸೂರ್ಯಂಗಿಂತ ಮುಂಚೆ ಎದ್ದ. ಏಳು ಮನೆಯವರೂ ಚಿರೆಕಲ್ಲು ಹೊತ್ರು. ಗಂಡಸ್ರು ಹೊತ್ರು, ಹೆಂಗಸ್ರು ಹೊತ್ರು, ಹಲ್ಲಿಲ್ಲದ ಮುದುಕಿಯೂ ಒಂದು ಚೂರು ಹೊತ್ತಳು. ಇವ ಕಟ್ಟಿದ, ಕಟ್ಟಿದ, ಕಟ್ಟೇ ಕಟ್ಟಿದ. ಒಂದೊಂದು ಕಲ್ಲು ಇಟ್ಟ ಮೇಲೂ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಸೊಟ್ಟ ಇದ್ಯಾ ನೆಟ್ಟಗಿದ್ಯಾ ಅಂತ ನೋಡ್ತಿದ್ದ. ಸೂರ್ಯ ಮುಳುಗೋ ಹೊತ್ತಿಗೆ ಗುಡಿ ಎದ್ದು ನಿಂತಿತ್ತು. ಎಷ್ಟು ದೊಡ್ಡದು? ಒಳಗೆ ಹನ್ನೊಂದು ಜನ ನಿಂತ್ರೆ ಹನ್ನೆರಡನೆಯವ ಹೊರಗೆ. ಪಾದ್ರಿ ಕೈ ಅಗಲ ಮಾಡಿ ಆಶೀರ್ವಾದ ಮಾಡಿದ್ರೆ ಎರಡೂ ಗೋಡೆಗೆ ಬೆರಳು ತಾಗ್ತಿತ್ತಂತೆ. ಹಿಂದಿನ ಗೋಡೇಲಿ ಗಾಳಿಗೆ ಅಂತ ಒಂದು ಪುಟ್ಟ ಕಿಂಡಿ. ಬಾಗಿಲು ಮಾತ್ರ ದಾರಿಗೆ ನೇರ. ಇನ್ನೂ ಯಾರಾದ್ರೂ ಹಿಂದಿನಿಂದ ಬರೋರಿದ್ರೆ ಅವರಿಗೆ ದೂರದಿಂದಲೇ ಕಾಣ್ಲಿ ಅಂತ.

ಹಿಂದೆ ಉಳಿದವರು ಇದ್ರು. ಬೊಸ್ತ್ಯಾಂವನ ತಾಯಿಯೇ ಉಳಿದಿದ್ದಳು. ನಡೆಯಕ್ಕೆ ಆಗದ ಜೀವ, ನೆರೆಮನೆ ಜಗಲಿ ಮೇಲೆ ಕೂರಿಸಿ ಬಂದಿದ್ರು.

"ಹೋಗಿ ಹೊತ್ಕೊಂಡು ಬರ್ತೀನಿ" ಅಂದ ಹೆಂಡ್ತಿ ಕತ್ರಿನಾ ಹತ್ರ.

"ಅವರನ್ನ ಹೊರ್ತೀರಿ ಸರಿ. ನಿಮ್ಮನ್ನ ಯಾರು ಹೊರ್ತಾರೆ? ಒಂದು ಗಾಳಿ ಬಂದ್ರೆ ಹಾರಿ ಹೋಗೋ ಹಂಗಿದ್ದೀರಿ."

"ತೆನೆ ಹಬ್ಬಕ್ಕೆ ಬರ್ತೀನಿ ಕಣೆ. ಹೊಸ ಅಕ್ಕಿ ನನ್ನ ಪಾಲಿಂದು ತೆಗೆದಿಡು."

ಹೋದ. ತೆನೆ ಹಬ್ಬ ಬಂತು, ಅವ ಬರ್ಲಿಲ್ಲ. ಅವಳ ಹೊಟ್ಟೇಲಿ ಕೂಸು ಇದ್ದದ್ದು ಅವ ಹೋದ ಮೇಲೆ ಅವಳಿಗೇ ಗೊತ್ತಾಗಿದ್ದು. ಹೆಣ್ಣು ಕೂಸು. ಜುವಾನಾ ಅಂತ ಹೆಸರಿಟ್ಟಳು. ಇನ್ನೊಂದು ತೆನೆ ಹಬ್ಬ ಬಂತು, ಮತ್ತೊಂದು ಬಂತು. ಪ್ರತಿ ವರ್ಷ ಅವಳು ಹೊಸ ಅಕ್ಕಿ ಅವನ ಪಾಲಿಂದು ಬಟ್ಟಲಲ್ಲಿ ತೆಗೆದಿಡ್ತಿದ್ದಳು, ಪ್ರತಿ ವರ್ಷ ಕಾಗೆಗೆ ಹಾಕ್ತಿದ್ದಳು. ಒಂಬತ್ತು ವರ್ಷ ಆಯ್ತು, ಮತ್ತೊಂಬತ್ತು ಆಯ್ತು.

ಅವ ಎಲ್ಲಿಗೆ ಹೋದ ಅಂತೀರಾ? ನಾಲ್ಕನೇ ಹೊಳೆ ಹತ್ರ ಒಬ್ಬ ರಾಜ ಇದ್ದ. ಆ ರಾಜನಿಗೆ ಕೋಟೆ ಕಟ್ಟಿಸೋ ಚಟ. ಬೆಳಗ್ಗೆ ಕಟ್ಟಿದ್ದು ಸಂಜೆಗೆ ಬೀಳ್ತಿತ್ತು. ಯಾಕಂದ್ರೆ ಎಲ್ಲಿ ಕಟ್ಟಬೇಕು ಅಂತ ಹೇಳ್ತಿದ್ದದ್ದು ರಾಜ, ಮೇಸ್ತ್ರಿ ಅಲ್ಲ. ದಾರೀಲಿ ಕೈಯಲ್ಲಿ ಉಳಿ ಹಿಡಿದು ಹೋಗೋರನ್ನೆಲ್ಲ ಹಿಡಿಸ್ತಿದ್ದ. ಬೊಸ್ತ್ಯಾಂವನನ್ನೂ ಹಿಡಿಸಿದ. ದಿನಕ್ಕೆ ಒಂದು ಹಿಡಿ ಹಿಟ್ಟು, ಕಾಲಿಗೆ ಸಂಕೋಲೆ. ಹದಿನೆಂಟು ವರ್ಷ ಆದ್ಮೇಲೆ ರಾಜ ಸತ್ತ, ಮಗ ಪಟ್ಟಕ್ಕೆ ಬಂದ. ಮಗನಿಗೆ ಕೋಟೆ ಬೇಡ, ಅವನದು ಕೆರೆ ತೋಡಿಸೋ ಚಟ. ಕಲ್ಲು ಮೇಸ್ತ್ರಿಗಳನ್ನೆಲ್ಲ ಹೊರಗೆ ಅಟ್ಟಿದ. ಬೊಸ್ತ್ಯಾಂವ ಮೊದಲು ತಾಯಿ ಊರಿಗೆ ಹೋದ. ಜಗಲಿ ಇತ್ತು, ತಾಯಿ ಇರ್ಲಿಲ್ಲ. ಅಲ್ಲಿಂದ ತಿರುಗಿ ಏಳು ಹೊಳೆ ದಾಟ್ತಾ ಬಂದ. ಒಂದು ಕಣ್ಣು ಹೋಗಿತ್ತು, ಬೆನ್ನು ಬಾಗಿತ್ತು, ಗಡ್ಡ ಎದೆ ಮುಟ್ಟಿತ್ತು. ಕೊನೇ ಮೂರು ದಿನ ಹೊಳೆ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಬಿದ್ದಿರ್ಲಿಲ್ಲ.

ಈಗ ಇತ್ಲಾಗೆ ಬನ್ನಿ. ಜುವಾನಾಗೆ ಮದುವೆ ಗೊತ್ತಾಗಿತ್ತು. ಹುಡುಗನ ತಾಯಿ ಪಾವ್ಲಿನಬಾಯಿ. ಬಾಯಿ ಅಂದ್ರೆ ಬಾಯಿಯೇ, ಹೆಸರಲ್ಲೂ ಇತ್ತು, ಮುಖದಲ್ಲೂ ಇತ್ತು. ಈ ಜನರಲ್ಲಿ ಒಂದು ಪದ್ಧತಿ. ಮದುವೆ ಹಿಂದಿನ ದಿನ ಮನೇಲಿ ಸತ್ತವರ ಹೆಸರಲ್ಲಿ ಒಬ್ಬ ಭಿಕ್ಷುಕನ್ನ ಕರ್ಕೊಂಡು ಬಂದು, ಸ್ನಾನ ಮಾಡಿಸಿ, ಸತ್ತವರ ಬಟ್ಟೆ ಹಾಕಿಸಿ, ಹೊಟ್ಟೆ ತುಂಬ ಉಣಿಸ್ಬೇಕು. ಅಷ್ಟು ಹೊತ್ತು ಆ ಭಿಕ್ಷುಕನೇ ಸತ್ತವ. ಅವನ ಮುಖ ನೋಡಬಾರದು. ಅವ ಮಾತಾಡಬಾರದು. ಉಂಡು ಹೊರಟವ ತಿರುಗಿ ನೋಡಬಾರದು. ಮಾತಾಡಿದ್ರೆ, ತಿರುಗಿ ನೋಡಿದ್ರೆ, ಸತ್ತವರು ಮುನಿದ್ರು ಅಂತ ಅರ್ಥ. ಮದುವೆ ಅಲ್ಲಿಗೇ ಮುರೀತು.

"ನಮ್ಮನೇಲಿ ಉಣಿಸೋಕೆ ಯಾರೂ ಸತ್ತಿಲ್ಲ" ಅಂದಳು ಕತ್ರಿನಾ.

ಪಾವ್ಲಿನಬಾಯಿ ಎಲೆ ಅಡಿಕೆ ಪಕ್ಕಕ್ಕಿಟ್ಟು ಕೇಳಿದಳು: "ಹಂಗಾದ್ರೆ ನಿನ್ನ ಗಂಡ ಎಲ್ಲಿ?"

"ಬರ್ತಾರೆ."

"ಬದುಕಿದ್ರೆ ಕರ್ಕೊಂಡು ಬಾ, ಸತ್ತಿದ್ರೆ ಉಣಿಸು. ಎರಡೂ ಅಲ್ಲದ ಬೀಗರು ನಮಗೆ ಬೇಡ ಮಾರಾಯ್ತಿ."

ಜುವಾನಾ ಒಲೆ ಮುಂದೆ ಕೂತಿದ್ದಳು. ಬೆಂಕಿ ಊದ್ತಾನೇ ಇದ್ದಳು. ಬೆಂಕಿ ಚೆನ್ನಾಗೇ ಉರೀತಿತ್ತು, ಊದೋದು ಬೇಕಾಗಿರ್ಲಿಲ್ಲ. ಕತ್ರಿನಾ ಮಗಳ ಬೆನ್ನು ನೋಡಿದಳು. ಹದಿನೆಂಟು ವರ್ಷ ಗಂಡನ್ನ ಬದುಕಿಸಿ ಇಟ್ಟಿದ್ದವಳು, ಆ ಬೆನ್ನು ನೋಡಿ ಸಾಯಿಸಿದಳು.

"ಆಯ್ತು. ಉಣಿಸ್ತೀನಿ" ಅಂದಳು. ಪೆಟ್ಟಿಗೆ ತೆರೆದು ಅವನ ಅಂಗಿ ಹೊರಗೆ ತೆಗೆದಳು.

ಭಿಕ್ಷುಕನ್ನ ಹುಡುಕೋ ಕೆಲಸ ಹುಡುಗನ ಸೋದರಮಾವ ಸಾಂತಾನನದು. ಅವ ಬೇರೆ ಊರಿಂದ ಆಮೇಲೆ ಬಂದು ಸೇರಿದವ, ಹಳೇ ಮೇಸ್ತ್ರಿಯ ಮುಖ ಕಂಡವನಲ್ಲ. ಭಿಕ್ಷುಕರು ಸಿಗೋ ಜಾಗ ಅಂದ್ರೆ ಕಲ್ಲುಗುಡಿ ಬಾಗಿಲು. ಹೋಗಿ ನೋಡ್ತಾನೆ, ಒಬ್ಬನೇ ಒಬ್ಬ ಕೂತಿದ್ದಾನೆ. ಅದೇ ಬೆಳಗ್ಗೆ ಬಂದು ಮುಟ್ಟಿದ್ದ ಬೊಸ್ತ್ಯಾಂವ! ಮನೆಗೆ ಹೋಗೋ ಮುಂಚೆ ಉಸಿರು ಎಳ್ಕೊಳ್ಳೋಣ ಅಂತ ತಾನು ಕಟ್ಟಿದ ಮೆಟ್ಟಲ ಮೇಲೆ ಕೂತಿದ್ದ.

"ಏ ಅಜ್ಜ, ಮೀನು ಸಾರು ಅನ್ನ ಬೇಕಾ?"

"ಯಾರ ಮನೇದು?"

"ಅಡುಗೆ ಯಾರದಾದ್ರೆ ನಿಂಗೇನು? ಸುಮ್ನೆ ಬಾ. ಇವತ್ತು ನೀನು ಸತ್ತವ."

ಬೊಸ್ತ್ಯಾಂವನಿಗೆ ನಗು ಬಂತು. ಪದ್ಧತಿ ಅವನಿಗೆ ಗೊತ್ತಿಲ್ವಾ? "ಯಾರು ಸತ್ತಿದ್ದು?" ಅಂದ.

"ಬೊಸ್ತ್ಯಾಂವ ಅಂತ ಒಬ್ಬ ಮೇಸ್ತ್ರಿ. ಈ ಗುಡಿ ಕಟ್ಟಿದ್ದು ಅವನೇ ಅಂತೆ. ಬಾಗಿಲು ನೋಡು, ಇಷ್ಟು ಗಿಡ್ಡ ಇಟ್ಟಿದ್ದಾನೆ. ಪ್ರತಿ ಭಾನುವಾರ ನನ್ನ ತಲೆಗೆ ಹೊಡೀತದೆ."

ಬೊಸ್ತ್ಯಾಂವ ಎದ್ದು ನಿಂತ. ಅಯ್ಯೋ ದಡ್ಡ, ಅವ ನಾನೇ ಅಂತ ಹೇಳೋಕೆ ಬಾಯಿ ತೆರೆದ. ಅಷ್ಟರಲ್ಲಿ ಸಾಂತಾನ ಅಂದ, "ಇನ್ನು ಬಾಯಿ ಬಿಡಬೇಡ ಮತ್ತೆ. ಮನೇಲಿ ನಮ್ಮ ಗಂಡಿನ ಕಡೆಯವರೆಲ್ಲ ಕೂತಿದ್ದಾರೆ, ನನ್ನ ಅಕ್ಕ ನೆಪ ಹುಡುಕ್ತಾನೇ ಇದ್ದಾಳೆ. ನೀನು ಒಂದು ಮಾತಾಡಿದ್ರೂ ಆ ಹುಡುಗಿ ಮದುವೆ ಮುರೀತದೆ. ಪಾಪ, ಅಪ್ಪನ ಮುಖ ನೋಡದೆ ಹುಟ್ಟಿದ ಹುಡುಗಿ."

ತೆರೆದ ಬಾಯಿ ತೆರೆದೇ ಇತ್ತು. ಆಮೇಲೆ ಮೆಲ್ಲಗೆ ಮುಚ್ಕೊಂಡ. ತನಗೆ ಮಗಳು ಇದ್ದಾಳೆ ಅಂತ ಗೊತ್ತಾದ ಗಳಿಗೇಲೇ ತಾನು ಸತ್ತಿರಬೇಕು ಅಂತಲೂ ಗೊತ್ತಾಯ್ತು. ಇವತ್ತೊಂದು ದಿನ ಸತ್ತಿರ್ತೀನಿ, ನಾಳೆ ತಾಳಿ ಆದ್ಮೇಲೆ ಬದುಕ್ತೀನಿ ಅಂದ್ಕೊಂಡ.

ಸ್ನಾನ ಆಯ್ತು. ತನ್ನ ಅಂಗಿ ತಾನೇ ಹಾಕ್ಕೊಂಡ. ಅದು ಈಗ ಅವನಿಗೆ ಎರಡು ಪಟ್ಟು ದೊಡ್ಡದು. ಮಣೆ ಮೇಲೆ ಕೂರಿಸಿದ್ರು. ಎಲ್ಲರ ತಲೆ ಕೆಳಗೆ. ಜುವಾನಾ ಮುಂದೆ ಬಂದು ಪಾದ ಮುಟ್ಟಿ, ಮೊದಲನೇ ಸೌಟು ಅನ್ನ ಬಡಿಸಿ, ಪದ್ಧತಿ ಪ್ರಕಾರ ಹೇಳಿದಳು:

"ಬಾಪ್ಪಾ, ಉಣ್ಣಿ."

ಹುಟ್ಟಿದಾಗಿಂದ ಅಪ್ಪ ಅನ್ನೋ ಆ ಮಾತು ಅವಳು ಆಡಿದ್ದು ಅದೇ ಮೊದಲು. ಅವ ಕೇಳಿದ್ದೂ ಅದೇ ಮೊದಲು. ಅವಳು ಆಡಿದ್ದು ಯಾರೋ ಭಿಕ್ಷುಕನಿಗೆ ಅಂದ್ಕೊಂಡು.

ಎರಡನೇ ಸೌಟು ಕತ್ರಿನಾದು. ತಲೆ ಬಗ್ಗಿಸಿ ಬಂದಳು. ಅವಳಿಗೆ ಕಾಣ್ತಿದ್ದದ್ದು ಎಲೆ, ಎರಡು ಕೈ, ಮಣೆ. ಅಷ್ಟೆ. ಆ ಕೈ ಏನು ಮಾಡ್ತಿತ್ತು ಗೊತ್ತಾ? ಅಭ್ಯಾಸ ಬಲ, ಅವನಿಗೇ ಗೊತ್ತಿಲ್ಲದ ಹಾಗೆ ಹೆಬ್ಬೆರಳು ಮಣೆ ಅಂಚಿನ ಮೇಲೆ ಓಡ್ತಿತ್ತು. ಸೊಟ್ಟ ಇದ್ಯಾ, ನೆಟ್ಟಗಿದ್ಯಾ.

ಸೌಟು ಗಾಳೀಲೇ ನಿಂತ್ಬಿಡ್ತು.

ಕಿರುಚಬೇಕು ಅನ್ನಿಸ್ತು. ಪಕ್ಕದಲ್ಲಿ ಪಾವ್ಲಿನಬಾಯಿ ಕೂತಿದ್ದಳು. ಎದುರಿಗೆ ಮಗಳು ಕೈ ಮುಗಿದು ನಿಂತಿದ್ದಳು. ಕತ್ರಿನಾ ಕಿರುಚಲಿಲ್ಲ, ಬಡಿಸಿದಳು. ಇನ್ನೊಂದು ಸೌಟು ಬಡಿಸಿದಳು. ಊಟ ಮುಗಿದ್ರೆ ಅವ ಎದ್ದು ಹೋಗ್ಬೇಕು. ಎಲೇಲಿ ಅನ್ನ ಇರೋ ತನಕ ಇಲ್ಲೇ ಇರ್ತಾನೆ. ಅದಕ್ಕೆ ಬಡಿಸಿದಳು. ಅವನಿಗೂ ಅರ್ಥ ಆಯ್ತು. ಉಣ್ಣೋದು ನಿಲ್ಲಿಸಿದ್ರೆ ಈ ಮನೆ ಬಿಡಬೇಕು. ಅದಕ್ಕೆ ಉಂಡ. ಅವಳು ಬಡಿಸಿದಳು, ಅವ ಉಂಡ. ಬಡಿಸಿದಳು, ಉಂಡ. ಮೀನು ಸಾರು ಆಯ್ತು, ಹುಳಿ ಆಯ್ತು, ಸಣ್ಣ ಅಂತ ಅವರ ಬಿಳೀ ಇಡ್ಲಿ ಆಯ್ತು, ಪಾಯಸ ಆಯ್ತು. ಮತ್ತೆ ಅನ್ನದಿಂದ ಶುರು.

"ಸತ್ತವನಿಗೆ ಏನು ಹಸಿವು ಮಾರಾಯ್ತಿ! ನಾಳೆ ನಮಗೂ ಸ್ವಲ್ಪ ಉಳೀತದೋ?" ಅಂದಳು ಪಾವ್ಲಿನಬಾಯಿ. ಎಲ್ಲರೂ ನಕ್ರು.

ಕೊನೆಗೆ ಸೌಟು ಹಂಡೆ ತಳಕ್ಕೆ ತಾಗಿ ಕರ್ ಅಂತು.

ಅವ ಎದ್ದ. ಹೊರಡೋವಾಗ ಮನೆಯೊಡತಿ ಹೇಳಬೇಕಾದ ಮಾತು ಒಂದಿತ್ತು: "ತಪ್ಪಿದ್ರೆ ಮನ್ನಿಸಿ, ಹರಸಿ ಹೋಗಿ." ಅಷ್ಟು ಹೇಳಿದಳು ಕತ್ರಿನಾ. ಆಮೇಲೆ ಪದ್ಧತೀಲಿ ಇಲ್ಲದ್ದು ಒಂದು ಮಾತು ಸೇರಿಸಿದಳು.

"ನಿಧಾನ ಹೋಗಿ."

ಅವ ತಿರುಗಿ ನೋಡ್ಲಿಲ್ಲ. ನಿಧಾನ ಹೋದ. ದಾರೀಲಿ ಎದುರಿಗೆ ಸಿಕ್ಕಿದ್ದು ಕಲ್ಲುಗುಡಿ. ಗುಡಿ ಹಿಂದಕ್ಕೆ ಹೋಗಿ ಕಿಂಡಿ ಕೆಳಗೆ ಗೋಡೆಗೆ ಒರಗಿ ಕೂತ. ನಾಳೆ ಮದುವೆ ಮಂತ್ರ ಇಲ್ಲಿಂದಲೇ ಕೇಳ್ತೀನಿ ಅಂತ.

ಮಾರನೇ ದಿನ ಮದುವೆ ಆಯ್ತು. ಹನ್ನೊಂದು ಜನ ಒಳಗೆ, ಊರೆಲ್ಲ ಹೊರಗೆ. ಪಾದ್ರಿ ಕೇಳಿದ, ಜುವಾನಾ "ಹೂಂ" ಅಂದಳು. ಆ ಹೂಂ ಬಾಯಿಂದ ಬಿದ್ದದ್ದೇ ತಡ, ಕತ್ರಿನಾ ಹೊರಗೆ ಬಂದು ಗುಡಿ ಸುತ್ತಿ ಹಿಂದಕ್ಕೆ ಓಡಿದಳು. ಎಲ್ಲಿರ್ತಾನೆ ಅಂತ ಅವಳಿಗೆ ಗೊತ್ತಿತ್ತು.

ಅಲ್ಲೇ ಇದ್ದ. ಗೋಡೆಗೆ ಕಿವಿ ಕೊಟ್ಟು ಕೂತಿದ್ದ. ಮೈ ತಣ್ಣಗಿತ್ತು.

ಹದಿನೆಂಟು ವರ್ಷ ಹಿಡಿ ಹಿಟ್ಟಲ್ಲಿ ಬದುಕಿದ ಹೊಟ್ಟೆ. ಮೂರು ದಿನ ಬರೀ ನೀರು ಕಂಡ ಹೊಟ್ಟೆ. ಅದಕ್ಕೆ ಒಂದು ಲೋಟ ಗಂಜಿ ತಿಳಿ ಕೊಟ್ಟಿದ್ರೆ ಬದುಕ್ತಿತ್ತು. ಒಂದು ಹಂಡೆ ಪ್ರೀತಿ ಹಾಕಿದ್ರೆ ಏನು ಮಾಡ್ತದೆ? ಮಗಳ ಹೂಂ ಅವನಿಗೆ ಕೇಳಿಸ್ತಾ, ಇಲ್ವಾ? ಕೇಳಿಸ್ತು ಅಂತ ಹೇಳೋರು ಇದ್ದಾರೆ. ನಂಗೆ ಅಜ್ಜಿ ಹೇಳ್ಲಿಲ್ಲ, ನಾನೂ ಸುಳ್ಳು ಹೇಳಲ್ಲ.

ಪಾವ್ಲಿನಬಾಯಿ ಹಿಂದೆಯೇ ಬಂದಳು. "ಯಾರೇ ಅದು?"

ಹೆಣ್ಣಿನ ಅಪ್ಪ ಸತ್ತ ಅಂದ್ರೆ ಸೂತಕ, ಹೆಣ್ಣು ಗಂಡನ ಮನೆ ಹೊಸಿಲು ತುಳಿಯಂಗಿಲ್ಲ. ಕತ್ರಿನಾ ಸೆರಗು ಸರಿ ಮಾಡ್ಕೊಂಡಳು.

"ನಿನ್ನೆ ಉಂಡವ" ಅಂದಳು. "ನಮ್ಮನೆ ಅನ್ನ ಉಂಡಿದ್ದಾನೆ, ಮಣ್ಣೂ ನಾವೇ ಹಾಕ್ಬೇಕು."

ಗುಡಿ ಹಿಂದೆಯೇ ಹೂತ್ರು. ಹೆಸರಿಲ್ಲ, ಗಂಟೆಯಿಲ್ಲ. ಕತ್ರಿನಾ ಅಳಲಿಲ್ಲ. ಪಾವ್ಲಿನಬಾಯಿಯೇ ಪಾಪ ಅಂತ ಎರಡು ಹನಿ ಹಾಕಿದಳಂತೆ. ಹೆಂಡ್ತಿ ಒಣ ಕಣ್ಣಲ್ಲಿ ನಿಂತಿದ್ದಳು, ಬೀಗಿತ್ತಿ ಅತ್ತಳು.

ವರ್ಷ ಉರುಳಿತು. ಜುವಾನಾಗೆ ಮಗಳು ಹುಟ್ಟಿದಳು, ಬೆಳೆದಳು, ಅವಳಿಗೂ ಮದುವೆ ಬಂತು. ಹಿಂದಿನ ದಿನ ಪದ್ಧತಿ ಪ್ರಕಾರ ಕಲ್ಲುಗುಡಿ ಬಾಗಿಲಿಂದ ಒಬ್ಬ ಭಿಕ್ಷುಕನ್ನ ಕರ್ಕೊಂಡು ಬಂದ್ರು. ಮಣೆ ಮೇಲೆ ಕೂರಿಸಿದ್ರು. ಮೂಲೇಲಿ ಕೂತಿದ್ದ ಕತ್ರಿನಾ ಕೋಲು ಊರಿ ಎದ್ದಳು. ಅವನ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ನಿನ್ನ ಹೆಸರೇನಪ್ಪ?"

ಮನೆಯೆಲ್ಲ ಹೌಹಾರಿತು. "ಮಾಂಯ್! ಸತ್ತವರನ್ನ ಮಾತಾಡಿಸಬಾರದು!" ಅಂದಳು ಜುವಾನಾ.

"ಸತ್ತವರನ್ನ ಮಾತಾಡಿಸಬಾರದು ಮಗಾ. ಬದುಕಿದವರನ್ನ ಮಾತಾಡಿಸಬೇಕು. ಹೇಳಪ್ಪ, ಹೆಸರೇನು? ಮನೇಲಿ ಯಾರಿದ್ದಾರೆ? ಊಟ ಮಾಡಿ ಎಷ್ಟು ದಿನ ಆಯ್ತು?"

"ಬೀರ. ಯಾರೂ ಇಲ್ಲ. ಎರಡು ದಿನ ಆಯ್ತು" ಅಂದ ಅವ ಹೆದರಿ.

"ಇವನಿಗೆ ಮೊದಲು ಗಂಜಿ ತಿಳಿ ಕೊಡಿ" ಅಂದು ಕತ್ರಿನಾ ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಮೊದಲ ಸಲ ಎಲ್ಲ ಹೇಳಿದಳು. ಹೆಬ್ಬೆರಳು, ಸೌಟು, ಕಿಂಡಿ ಕೆಳಗಿನ ಗೋಡೆ, ಎಲ್ಲ.

ಜುವಾನಾ ತಾಯಿ ಪಕ್ಕ ಬಂದು ಕೂತಳು. ಆಮೇಲೆ ಕೇಳಿದಳು: "ಮಾಂಯ್, ಅವತ್ತು ಮೊದಲನೇ ಸೌಟು ನಾನು ಬಡಿಸಿದ್ದಲ್ವಾ?"

"ಹೌದು ಮಗಾ."

"ಅದೊಂದೇ ಆಗಿದ್ರೆ ಬದುಕ್ತಿದ್ರಾ?"

ಕತ್ರಿನಾ ಮಗಳನ್ನ ತಬ್ಕೊಂಡಳು. ಅವತ್ತು ಬರದ ಅಳು ಆಗ ಬಂತು. ತಾಯಿ ಅತ್ತಳು, ಮಗಳು ಅತ್ತಳು, ಮದುವೆ ಹುಡುಗಿಯೂ ಕೂತು ಅತ್ತಳು. ಗಂಜಿ ಕುಡೀತಿದ್ದ ಬೀರನೂ ಅತ್ತ, ಯಾಕೆ ಅಂತ ಅವನಿಗೇ ಗೊತ್ತಿರ್ಲಿಲ್ಲ. ಮದುವೆ ಏನೂ ಮುರೀಲಿಲ್ಲ. ಪಾದ್ರಿ ಬೊಸ್ತ್ಯಾಂವನ ಹೆಸರು ಹೇಳಿ ಪ್ರಾರ್ಥನೆ ಮಾಡಿದ, ಆಮೇಲೆ ಮದುವೆ ಮಾಡಿಸಿದ.

ಅವತ್ತಿಂದ ಆ ಜನರಲ್ಲಿ ಪದ್ಧತಿ ತಿರುಗಿತಂತೆ. ದಾರಿಯಿಂದ ಯಾರೇ ಬಂದು ಮಣೆ ಮೇಲೆ ಕೂತ್ರೂ ಮೊದಲು ಮುಖ ನೋಡ್ತಾರೆ, ಹೆಸರು ಕೇಳ್ತಾರೆ, ಆಮೇಲೆ ಎಲೆ ಹಾಕ್ತಾರೆ.

ಉಂಡವರ ಹೊಟ್ಟೆ ತಣ್ಣಗಿರ್ಲಿ, ಹೂತವರ ಮಣ್ಣು ಹಗುರ ಇರ್ಲಿ. ಕಥೆ ಅದರ ದಾರಿ ಹಿಡೀತು, ನಾವು ನಮ್ಮ ಚಾಪೆ ಹಾಸೋಣ.