ರಾಯಪ್ಪನ ತಮ್ಮ

ಹೊಳೆಯ ದಂಡೆಯಲ್ಲಿ ಒಂದು ಚಿಕ್ಕ ಆಶ್ರಮವಿತ್ತು. ಹೆಂಚು ಹೊದಿಸಿದ ಪ್ರಾರ್ಥನಾಲಯ, ಅದರ ನೆತ್ತಿಯಲ್ಲಿ ಮರದ ಶಿಲುಬೆ, ಸುತ್ತ ನಾಲ್ಕಾರು ಗುಡಿಸಲು. ಅಲ್ಲಿ ಇನ್ನಾಸಪ್ಪ ಎಂಬ ವೃದ್ಧ ಗುರುಗಳಿದ್ದರು.

ಅವರ ಬಳಿ ಚೌರಪ್ಪ ಎಂಬ ಶಿಷ್ಯನಿದ್ದ. ಅವನು ಶುಭಸಂದೇಶ ಓದುತ್ತಾನೆಂದರೆ ಹೊಳೆಯಾಚೆಯವರೂ ಬಂದು ಕೂರುತ್ತಿದ್ದರು. ಬರುವ ಹಬ್ಬಕ್ಕೆ ಅವನಿಗೆ ಗುರುದೀಕ್ಷೆ ಎಂದು ನಿಶ್ಚಯವಾಗಿತ್ತು.

ಹಬ್ಬಕ್ಕೆ ಮೊದಲು ಒಂದು ಭಾನುವಾರ ಬಿಷಪರು ಅವನನ್ನು ನೋಡಲು ಬಂದರು. ಜೊತೆಗೆ ಪಟ್ಟಣದ ಹಿರಿಯರೂ ಇದ್ದರು. ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದಾಗ ಬಾಗಿಲ ಕಡೆ ಗದ್ದಲವಾಯಿತು.

ಒಬ್ಬ ಗಂಡಸು ತೂರಾಡುತ್ತ ಒಳಗೆ ಬಂದ. ಅಂಗಿಯ ತೋಳು ಹರಿದಿತ್ತು. ಮೈಯೆಲ್ಲ ಸಾರಾಯಿಯ ವಾಸನೆ. ಚೌರಪ್ಪನನ್ನು ಕಂಡವನೇ ಎರಡೂ ಕೈ ಚಾಚಿದ.

"ನಮ್ ಚೌರ! ನೋಡ್ರಪ್ಪ, ನಮ್ ಚೌರ ಹೆಂಗವ್ನೆ!"

ಅವನು ರಾಯಪ್ಪ, ಚೌರಪ್ಪನ ಒಡಹುಟ್ಟಿದ ಅಣ್ಣ. ತಂದೆತಾಯಿ ಒಂದೇ ಬೇಸಿಗೆಯಲ್ಲಿ ತೀರಿಕೊಂಡಾಗ ಚೌರಪ್ಪನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನಿಗೆ ಉಣ್ಣಿಸಿ ಬೆಳೆಸಿದವನು ರಾಯಪ್ಪ. ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿ ಶಾಲೆಗೆ ಬಿಟ್ಟವನೂ ಅವನೇ.

ಬಿಷಪರು ಕೇಳಿದರು:

"ಯಾರಿವರು? ನಿನಗೆ ಪರಿಚಯವೇ?"

ಚೌರಪ್ಪ ಹಿರಿಯರ ಮುಖಗಳನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಯಾರೋ ಕುಡುಕ, ಸ್ವಾಮಿ. ನನಗೆ ಗೊತ್ತಿಲ್ಲ."

ರಾಯಪ್ಪನ ಕೈಗಳು ಮೆಲ್ಲನೆ ಕೆಳಗಿಳಿದವು. ಅವನು ತಮ್ಮನನ್ನು ಒಂದು ಸಲ ನೋಡಿದ. ತಿರುಗಿ ಹೊರಟುಹೋದ.

ಬಾವಿಕಟ್ಟೆಯ ಬಳಿ ನಿಂತಿದ್ದ ಗುರುಗಳು ಇದೆಲ್ಲವನ್ನೂ ಕಂಡರು.

ಬಿಷಪರು ಸಂತೋಷದಿಂದಲೇ ಹಿಂದಿರುಗಿದರು. ಚೌರಪ್ಪನಿಗೆ ಮಾತ್ರ ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಪ್ರಾರ್ಥನೆಗೆ ಕುಳಿತು "ನಮ್ಮ ತಂದೆಯೇ" ಎನ್ನಲು ಹೋದರೆ "ನಮ್ಮ" ಎಂಬಲ್ಲೇ ನಾಲಿಗೆ ನಿಲ್ಲುತ್ತಿತ್ತು. ಪೂಜೆಯಲ್ಲಿ ಎಲ್ಲರೂ ಪ್ರಸಾದಕ್ಕೆ ಎದ್ದರೆ ಅವನು ಕಂಬದ ಮರೆಯಲ್ಲಿ ಉಳಿಯುತ್ತಿದ್ದ.

ಒಂದು ಮಧ್ಯಾಹ್ನ ಅವನು ಪ್ರಾರ್ಥನಾಲಯದ ಹಿಂದೆ, ಉರಿಬಿಸಿಲಲ್ಲಿ, ಚೂಪುಗಲ್ಲುಗಳ ಮೇಲೆ ಮಂಡಿಯೂರಿ ಕುಳಿತಿದ್ದ. ಗುರುಗಳು ಹುಡುಕಿಕೊಂಡು ಬಂದರು.

"ಏನು ಮಾಡುತ್ತಿದ್ದೀಯ?"

"ಪ್ರಾಯಶ್ಚಿತ್ತ, ಗುರುಗಳೇ."

"ದೇವರು ನಿನ್ನ ಮಂಡಿಯ ರಕ್ತ ಕೇಳಿದನೇ?"

ಚೌರಪ್ಪ ಮಂಡಿಯನ್ನು ಕಲ್ಲಿನ ಮೇಲೆ ಇನ್ನಷ್ಟು ಒತ್ತಿದ.

"ಪ್ರಸಾದಕ್ಕೂ ಬರುತ್ತಿಲ್ಲ."

"ನಾನು ಯೋಗ್ಯನಲ್ಲ."

"ಹಿಂದಿನ ವಾರ ಯೋಗ್ಯನಾಗಿದ್ದೆಯಾ?"

ಚೌರಪ್ಪ ತಲೆ ತಗ್ಗಿಸಿದ. ಗುರುಗಳು ಅವನೆದುರು ನೆಲದ ಮೇಲೆ ಕುಳಿತರು.

"ಏನಾಯಿತು, ಹೇಳು."

"ನನ್ನಲ್ಲಿ ಪ್ರೀತಿ ಬತ್ತಿಹೋಯಿತು, ಗುರುಗಳೇ. ಅಹಂಕಾರ ತಲೆಯೆತ್ತಿತು. ಲೋಕದ ಮೆಚ್ಚುಗೆಯ ಮೋಹ..."

"ಇದು ಪ್ರವಚನ. ಏನಾಯಿತು, ಹೇಳು."

"ಸೈತಾನನು ನನ್ನನ್ನು..."

"ಸೈತಾನನ ಸುದ್ದಿ ಸೈತಾನನೇ ಹೇಳಿಕೊಳ್ಳಲಿ. ನಿನ್ನದು ಹೇಳು."

ಚೌರಪ್ಪ ಮಂಡಿಗೆ ಅಂಟಿದ ಕಲ್ಲೊಂದನ್ನು ಕಿತ್ತು ಪಕ್ಕಕ್ಕಿಟ್ಟ.

"ಅವತ್ತು ಬಂದ ಕುಡುಕ ನನ್ನ ಅಣ್ಣ. ಗೊತ್ತಿಲ್ಲ ಅಂದುಬಿಟ್ಟೆ."

ಹೇಳುತ್ತಲೇ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

"ಏಳು," ಎಂದರು ಗುರುಗಳು. "ಮೊದಲು ಊಟ ಮಾಡು."

"ದಂಡನೆ ಕೊಡಿ, ಗುರುಗಳೇ. ಎಷ್ಟು ಕಠಿಣವಾದರೂ ಸರಿ."

"ಕೊಡುತ್ತೇನೆ. ನಾಳೆ ಬೆಳಿಗ್ಗೆ ಹೊಳೆ ದಾಟಿ ಅವನ ಬಳಿ ಹೋಗೋಣ."

ಚೌರಪ್ಪನ ಮುಖ ಬಿಳಿಚಿಕೊಂಡಿತು.

"ಇಲ್ಲೇ ಏನಾದರೂ ಕೊಡಿ. ಉಪವಾಸ ಮಾಡುತ್ತೇನೆ. ವರ್ಷವಿಡೀ ಮೌನ ಹಿಡಿಯುತ್ತೇನೆ."

"ಗೊತ್ತು. ಅವು ನಿನಗೆ ಸುಲಭ."

ಮರುದಿನ ಇಬ್ಬರೂ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದರು. ದಾರಿಯುದ್ದಕ್ಕೂ ಚೌರಪ್ಪ ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಅಣ್ಣನನ್ನು ಮರೆಗೆ ಕರೆದು, ಯಾರೂ ಇಲ್ಲದ ಕಡೆ ಕಾಲಿಗೆ ಬೀಳಬೇಕೆಂದುಕೊಂಡ.

ರಾಯಪ್ಪ ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಕೂಲಿಯಾಗಿದ್ದ. ಅಲ್ಲಿ ಹತ್ತಾರು ಜನ ಮಣ್ಣು ತುಳಿಯುತ್ತಿದ್ದರು. ಬಿಳಿ ನಿಲುವಂಗಿಯವರಿಬ್ಬರು ಬರುವುದನ್ನು ಕಂಡು ಎಲ್ಲರೂ ಕೆಲಸ ನಿಲ್ಲಿಸಿದರು. ಮೇಸ್ತ್ರಿ ಎದುರು ಬಂದ.

"ಯಾರು ಬೇಕಾಗಿತ್ತು ಸ್ವಾಮಿ?"

"ರಾಯಪ್ಪ," ಎಂದ ಚೌರಪ್ಪ.

"ಕುಡುಕ್ ರಾಯಪ್ಪನಾ? ತಾವು ಏನಾಗಬೇಕು ಅವನಿಗೆ?"

ಅಷ್ಟೂ ಕಣ್ಣುಗಳು ಚೌರಪ್ಪನ ಮೇಲಿದ್ದವು. ಅವನ ಕಿವಿ ಬಿಸಿಯಾಯಿತು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ನಾವು... ಆಶ್ರಮದಿಂದ ಬಂದವರು."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಅರ್ಥವಾಯಿತು. ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು.

ಗುರುಗಳು ಒಂದು ಹೆಜ್ಜೆ ಮುಂದೆ ಬಂದರು.

"ನಾನು ರಾಯಪ್ಪನ ತಮ್ಮ," ಎಂದರು.

ಮೇಸ್ತ್ರಿ ಅವರ ನರೆತ ಗಡ್ಡ ನೋಡಿದ. ಬಾಗಿದ ಬೆನ್ನು ನೋಡಿದ. ಕೂಲಿಯವರು ಗೊಳ್ಳೆಂದು ನಕ್ಕರು. ಗುರುಗಳು ನಗಲಿಲ್ಲ.

"ಲೇ ರಾಯಪ್ಪ, ಬಾರ್ಲಾ ಇಲ್ಲಿ! ನಿನ್ ತಮ್ಮ ಬಂದವ್ನಂತೆ!"

ಮಣ್ಣಿನ ಗುಂಡಿಯೊಳಗಿಂದ ರಾಯಪ್ಪ ತಲೆಯೆತ್ತಿದ. ಮೊಣಕಾಲಿನವರೆಗೆ ಕೆಸರು. ಅಂದು ಅವನು ಕುಡಿದಿರಲಿಲ್ಲ. ಮೊದಲು ಗುರುಗಳನ್ನು ನೋಡಿದ. ಆಮೇಲೆ ಅವರ ಹಿಂದೆ ನಿಂತಿದ್ದ ಚೌರಪ್ಪನನ್ನು ನೋಡಿದ. ಅವನ ಮುಖ ಅರಳಿತು. ಮರುಕ್ಷಣವೇ ಕಣ್ಣು ಬೇರೆ ಕಡೆ ಹೊರಳಿಸಿದ.

"ನಂಗೆಲ್ಲಿ ತಮ್ಮ, ಮೇಸ್ತ್ರಿ? ಸ್ವಾಮಿಯೋರು ತಮಾಷೆ ಮಾಡ್ತಾವ್ರೆ."

"ಮತ್ತೆ ಕುಡಿದಾಗೆಲ್ಲ 'ನನ್ ತಮ್ಮ ಸ್ವಾಮಿ ಆಯ್ತಾನೆ, ನನ್ ತಮ್ಮ ಸ್ವಾಮಿ ಆಯ್ತಾನೆ' ಅಂತ ಊರೆಲ್ಲ ಸಾರ್ತಿದ್ದೆ?"

"ಕುಡುಕನ್ ಮಾತು ಯಾರಾದ್ರೂ ನಂಬ್ತಾರಾ? ನಾನು ಒಂಟಿ. ನಂಗ್ಯಾರೂ ಇಲ್ಲ."

ಹೀಗೆಂದು ರಾಯಪ್ಪ ಬಗ್ಗಿ ಮತ್ತೆ ಮಣ್ಣು ಕಲಸತೊಡಗಿದ.

ಚೌರಪ್ಪ ಗುಂಡಿಯ ಅಂಚಿಗೆ ಬಂದ. "ಅಣ್ಣ" ಎಂದ. ದನಿ ಹೊರಡಲಿಲ್ಲ. ಕೆಸರಿಗೆ ಕಾಲಿಟ್ಟು ಇಳಿದ.

"ಅಣ್ಣ!"

ರಾಯಪ್ಪ ತಲೆಯೆತ್ತದೆ ಪಿಸುಗುಟ್ಟಿದ:

"ಬಟ್ಟೆ ಕೆಸರಾಯ್ತದೆ ಕಣ್ಲಾ. ಸುಮ್ಕೆ ಹೊಂಟೋಗು. ಎಲ್ಲ ನೋಡ್ತಾವ್ರೆ."

ಚೌರಪ್ಪ ಮೇಸ್ತ್ರಿಯ ಕಡೆ ತಿರುಗಿದ.

"ಇವನ ತಮ್ಮ ನಾನು. ಇವನೇ ನನ್ನನ್ನು ಸಾಕಿದವನು. ಆಶ್ರಮಕ್ಕೆ ಬಂದಾಗ ಬಿಷಪರ ಮುಂದೆ ಇವನು ಯಾರೋ ಗೊತ್ತಿಲ್ಲ ಅಂದವನೂ ನಾನೇ."

ಯಾರೋ ಕಿಸಕ್ಕನೆ ನಕ್ಕರು. ಒಬ್ಬ ಮುದುಕಿ "ಥೂ" ಎಂದಳು. ಅದು ಯಾರಿಗೆಂದು ಚೌರಪ್ಪ ಕೇಳಬೇಕಾಗಿರಲಿಲ್ಲ.

ರಾಯಪ್ಪ ಕೆಸರುಗೈಯಿಂದಲೇ ತಮ್ಮನ ಭುಜ ಹಿಡಿದ.

ಮಧ್ಯಾಹ್ನ ಹುಣಸೆಮರದ ಕೆಳಗೆ ರಾಯಪ್ಪ ತನ್ನ ಬುತ್ತಿ ಬಿಚ್ಚಿದ. ಮುದ್ದೆಯನ್ನು ಮುರಿದು ಮೂರು ಪಾಲು ಮಾಡಿದ. ಚೌರಪ್ಪನದೇ ದೊಡ್ಡ ಪಾಲು.

"ಅವತ್ತು ಕುಡಿದು ಬರಬಾರದಾಗಿತ್ತು," ಎಂದ ರಾಯಪ್ಪ. "ದೊಡ್ಡೋರ ಮುಂದೆ ನಿಲ್ಲಕ್ಕೆ ಧೈರ್ಯ ಬರ್ಲಿ ಅಂತ ಒಂದ್ ಗುಟುಕು ಹಾಕ್ದೆ. ಅದು ಒಂದರಲ್ಲಿ ನಿಲ್ಲಾಕಿಲ್ಲ."

"ಅಣ್ಣ, ಆಶ್ರಮಕ್ಕೆ ಬಂದುಬಿಡು."

"ಬ್ಯಾಡ ಕಣ್ಲಾ. ಕುಡಿತ ಬುಡ್ತೀನಿ ಅಂತ ಆಣೆ ಇಡಾಕೂ ನಾನು ತಯಾರಿಲ್ಲ. ಎಷ್ಟೋ ಸಲ ಇಟ್ಟು ಮುರಿದಿವ್ನಿ. ನೀನು ಆಗಾಗ ಬಾ. ಸಾಕು."

ಬಿಸಿಲು ಇಳಿದ ಮೇಲೆ ಗುರುಶಿಷ್ಯರು ಹರಿಗೋಲು ಹತ್ತಿದರು. ಅವರನ್ನು ಕಳಿಸಲು ಬಂದ ರಾಯಪ್ಪ ದಡದಲ್ಲೇ ನೋಡುತ್ತ ನಿಂತಿದ್ದ.

ನಡುಹೊಳೆಯಲ್ಲಿ ಚೌರಪ್ಪ ಕೇಳಿದ:

"ಬಿಷಪರಿಗೂ ಹೇಳಬೇಕಲ್ಲವೇ, ಗುರುಗಳೇ?"

"ಹೇಳಬೇಕು."

"ದೀಕ್ಷೆ ತಪ್ಪಿಹೋಗಬಹುದು."

"ಹೋಗಬಹುದು."

"ಅಣ್ಣ ಕುಡಿಯುವುದನ್ನು ಬಿಡುತ್ತಾನೆಯೇ?"

"ನನಗೆ ಗೊತ್ತಿಲ್ಲ."

ಚೌರಪ್ಪ ನಿಲುವಂಗಿಯ ಮೇಲೆ ಒಣಗಿದ್ದ ಕೆಸರನ್ನು ಉಗುರಿನಿಂದ ಕೆರೆದ.

"ಇನ್ನೊಂದು ಮಾತಿದೆ. ಹೇಳಲು ಬಾಯಿ ಬರುತ್ತಿಲ್ಲ."

"ಹೇಳು."

"'ಅಣ್ಣ' ಎಂದು ಕರೆದಾಗಲೂ ನನಗೆ ನಾಚಿಕೆಯಾಯಿತು. ಅವರು ನಕ್ಕಾಗ ಓಡಿಹೋಗೋಣ ಅನಿಸಿತು. ಅವನ ಪಕ್ಕದಲ್ಲಿ ಕುಳಿತು ಉಣ್ಣುವಾಗಲೂ ದಾರಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಆ ಕಡೆಗೇ ಹೋಗುತ್ತಿತ್ತು. ನನ್ನ ಮನಸ್ಸು ಶುದ್ಧವಾಗಿಲ್ಲ, ಗುರುಗಳೇ. ನಾಳೆ ಅವನು ಮತ್ತೆ ಕುಡಿದು ಜನರ ಮುಂದೆ ಬಂದರೆ ಮತ್ತೆ ನಾಚಿಕೆಯಾಗುತ್ತದೆ."

ಗುರುಗಳು ಅವನ ಕಡೆ ತಿರುಗಿದರು.

"ಆಗಲಿ, ಮಗು. ನಾಚುತ್ತಲೇ ಅವನ ಕೈ ಹಿಡಿ."