ಎಸ್ಪೆರಾರ್ ಅಂದರೇನು

ಇಳಕಲ್ಲಿನ ಗ್ರಾನೈಟ್ ಸಾಹುಕಾರನಿಗೆ ಸ್ಪೇನಿನಿಂದ ಬರುವ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸುವವಳು ಮಹಾನಂದಾ. ಪ್ರತಿ ದೀಪಾವಳಿಗೂ ಸಾಹುಕಾರ ಅವಳ ಕೈಗೊಂದು ಪೇಡೆ ಇಟ್ಟು, "ಬರೂ ವರ್ಷ ನಿನ್ನ ನೌಕರಿ ಖಾಯಂ ಮಾಡ್ತೀನವಾ" ಅನ್ನುತ್ತಿದ್ದ.

ಈ ಸಲ ಪೂಜೆಗೆ ಬಂದ ಬೀಗರೆದುರು ದರ್ಪ ತೋರಿಸಿದ.

"ಸ್ಪ್ಯಾನಿಷ್ ಪತ್ರದಾಗಿನ ಎಸ್ಪೆರಾರ್ ಅನ್ನೂದನ್ನ ಒಮ್ಮೆ ಎಕ್ಸ್‌ಪೆಕ್ಟ್ ಅಂತೀ, ಒಮ್ಮೆ ವೇಟ್, ಒಮ್ಮೆ ಹೋಪ್. ಒಂದ ಅರ್ಥ ಹೇಳು."

"ಆ ಮಾತು ಅಂದವ್ರು ಎಲ್ಲಿ ಅದಾರ ನೋಡಿ ಬರೀತೀನ್ರಿ. ನಿಮ್ಮಂಗ ಕುರ್ಚಿಯಾಗ ಕುಂತವ್ರು ಅಂದ್ರ ಎಕ್ಸ್‌ಪೆಕ್ಟ್. ನಮ್ಮಂಗ ಬಾಗಿಲದಾಗ ನಿಂತವ್ರು ಅಂದ್ರ ವೇಟ್."

ಬೀಗರು ಮೀಸೆಯಲ್ಲೇ ನಕ್ಕರು. ಸಾಹುಕಾರನ ಮುಖ ಸಪ್ಪಗಾಯಿತು. ಪೇಡೆಯ ಡಬ್ಬಿ ಮುಂದೆ ಹಿಡಿದು, "ಮತ್ತ ಹೋಪ್?" ಅಂದ.

ಮಹಾನಂದಾ ಕೈ ಚಾಚಲಿಲ್ಲ.

"ಅದು ಮೊದಲನೇ ಪೇಡೆ ತಿಂದಾಗಿನ ಅರ್ಥರಿ."